ಷರಾ: ಮಾರ್ಚ್ ಹನ್ನೊಂದು

ತೋಟದ ರೈಟರ್ ನಾನು.
ಬೆಳಿಗ್ಗೆ ಎಂಟಕ್ಕೆ ತಾಮ್ರದ ಡಬ್ಬಿ ಬಗ್ಗಿಸಿ
ಇಂಚು, ಸೆಂಟ್ ಬರೆಯುವವನು.
ರಾತ್ರಿ ಎಂಟಕ್ಕೆ ಬೇಸ್ ಗಿಟಾರು.
ಮಳೆಪುಸ್ತಕದ ಕೊನೆಯ ಕಾಲಮ್ಮಿಗೆ ಷರಾ ಅಂತ ಹೆಸರು.
ಆಲಿಕಲ್ಲು, ಆನೆ, ಮುರಿದುಬಿದ್ದ ಸಿಲ್ವರ್ ಓಕು
ಅಲ್ಲಿಗೆ ಸೇರಬೇಕು.
ನಾನು ಬ್ಯಾಂಡನ್ನೂ ಸೇರಿಸಿದೆ.

ಎಪ್ಪತ್ತಾರು. ಮಳೆ ಇಲ್ಲ.
ಪಾಲಿಬೆಟ್ಟದ ಪಲ್ಪರ್ ಮನೆಯಲ್ಲಿ ನಾಲ್ವರು.
ಚೆಂಗಪ್ಪ ಒಮ್ಮೆ ಹಾಡಿದರೆ ಗೋಡೆ ಎರಡು ಸಲ ಹಾಡಿತು.
ಮೊಯ್ದುವಿನ ಡ್ರಮ್ಮಿಗೆ ಒಂದು ಕಾಲು ಕಡಿಮೆ,
ಗೊಬ್ಬರದ ಮೂಟೆ ಒರಗಿಸಿದೆವು.
ಲಿಗೋರಿ ಇಗರ್ಜಿಯ ಗಿಟಾರನ್ನು
ಪಾದ್ರಿಗಳನ್ನು ಕೇಳದೆ ಕರೆಂಟಿಗೆ ಕೊಟ್ಟ.
ಯಂತ್ರದ ಹೆಸರೇ ನಮಗೂ ಇರಲಿ ಅಂದೆವು: ಪಲ್ಪರ್ಸ್.

ಎಂಬತ್ತೊಂದು. ಇಪ್ಪತ್ತು ಸೆಂಟ್, ಧೂಳು ಅಡಗುವಷ್ಟು.
ಗೋಣಿಕೊಪ್ಪಲಿನ ಮದುವೆ.
ವಾಲಗದವರ ಜೀಪು ತಿತಿಮತಿಯಲ್ಲಿ ಪಂಕ್ಚರ್.
ಕುಪ್ಯಚೇಲೆ ಸರಿಮಾಡಿಕೊಂಡು ಅಜ್ಜಂದಿರು ಕಾದು ನಿಂತಿದ್ದಾರೆ.
ಮೊಯ್ದು ನಮ್ಮ ಮುಖ ಒಮ್ಮೆ ನೋಡಿ
ವಾಲಗದ ಪೆಟ್ಟನ್ನೇ ಡ್ರಮ್ಮಿಗೆ ಎತ್ತಿಕೊಂಡ.
ಒಂದೂವರೆ ಗಂಟೆ! ನನ್ನ ಬೆರಳ ತುದಿ ಒಡೆಯಿತು.
ಕುಣಿದು ದಣಿದ ಅಜ್ಜಿಯೊಬ್ಬಳು
ಆಂಪ್ಲಿಫೈಯರಿನ ಕಿಂಡಿಗೆ
ಹತ್ತು ರೂಪಾಯಿ ಸಿಕ್ಕಿಸಿ ಹೋದಳು.

ತೊಂಬತ್ತೆರಡರಿಂದ ಐದು ವರ್ಷ ಷರಾ ಖಾಲಿ.
ಮೊಯ್ದು ಮಸ್ಕತ್ತಿನಲ್ಲಿ ಪೈಪು ಜೋಡಿಸುತ್ತಿದ್ದ.
ಡ್ರಮ್ಮಿನೊಳಗೆ ಕೋಳಿ ಕಾವಿಗೆ ಕೂತಿತು.

ಒಂದು ಪುಟ ಹಾರಿಸಿದೆ, ಗೊತ್ತು.
ಎಂಬತ್ತಾರು. ಒಂದು ಇಂಚು ಹತ್ತು ಸೆಂಟ್.
ಅದು ಸುಳ್ಳು.
ಕುಶಾಲನಗರದ ಶೋ ಮುಗಿದದ್ದು ಮೂರಕ್ಕೆ.
ಸಿದ್ದಾಪುರದವರೆಗೂ ವೈಪರ್ ಓಡುತ್ತಲೇ ಇತ್ತು.
ಇಲ್ಲಿ ಬಂದರೆ ಅಲ್ಲಿಯೂ ಬಂದಿರಬೇಕು ಅಂದುಕೊಂಡೆ,
ಡಬ್ಬಿಯ ಹತ್ತಿರವೂ ಹೋಗದೆ ಮಲಗಿದಲ್ಲೇ ಬರೆದೆ.
ಚೆಂಗಪ್ಪನ ಅಪ್ಪ ಮೈಸೂರಿನ ಆಸ್ಪತ್ರೆಯಿಂದ
ಟ್ರಂಕ್ ಕಾಲ್ ಮಾಡಿದರು:
ಎಷ್ಟು?
ಹೇಳಿದೆ.
ಒಳ್ಳೇದಾಯ್ತು, ಹಾಗಾದರೆ ಪಂಪ್‌ಸೆಟ್ ಬೇಡ.

ಮಧ್ಯಾಹ್ನ ಹೊರಗೆ ಬಂದರೆ
ಟ್ರ್ಯಾಕ್ಟರ್ ಹಿಂದೆ ಕೆಂಪು ಧೂಳು.
ಬಾಯಿ ತೆರೆಯಬಹುದಿತ್ತು.
ಇಪ್ಪತ್ತು ದಿನ ರೊಬಸ್ಟಾ ಮೊಗ್ಗು
ಕಡ್ಡಿಯ ಮೇಲೆ ಕೂತಲ್ಲೇ ಸುಟ್ಟಿತು.
ಹನ್ನೆರಡು ಎಕರೆ.
ಆ ವರ್ಷ ಹೊಸ ಸ್ಪೀಕರ್ ಬರಲಿಲ್ಲ,
ಯಾಕೆಂದು ಯಾರೂ ಕೇಳಲಿಲ್ಲ.

ಮರುವರ್ಷದಿಂದ ಪ್ರತಿ ಶೋನಲ್ಲೂ
ಎರಡನೇ ಹಾಡಿಗೆ ಮೊದಲು
ಚೆಂಗಪ್ಪ ಮೈಕಿನಲ್ಲೇ ಕೇಳುವನು:
ರೈಟರೇ, ಇವತ್ತು ಎಷ್ಟು ಸೆಂಟ್?
ಪ್ಲಾಂಟರುಗಳಿಗೆಲ್ಲ ನಗು.
ನಾನೂ ಏನೋ ಒಂದು ಸಂಖ್ಯೆ ಕೂಗುತ್ತಿದ್ದೆ.
ಇಪ್ಪತ್ತಮೂರು ವರ್ಷ ಅದನ್ನು ತಮಾಷೆ ಅಂದುಕೊಂಡೆ,
ಅಥವಾ ಅಂದುಕೊಳ್ಳಲು ಕಲಿತೆ.

ಎರಡು ಸಾವಿರದ ಒಂಬತ್ತು. ಮಳೆ ಐದು ಸೆಂಟ್.
ಲಿಗೋರಿಯ ಮಗ ಟ್ಯೂನರ್ ತಂದುಕೊಟ್ಟ,
ಗಿಟಾರಿನ ತಲೆಗೆ ಕಚ್ಚಿ ಹಿಡಿಯುವಂಥದ್ದು.
ಸ್ವರ ಎಷ್ಟು ತಪ್ಪಿದೆ ಅನ್ನುವುದನ್ನೂ
ಸೆಂಟಿನಲ್ಲೇ ಅಳೆಯುತ್ತಾರಂತೆ.
ನನ್ನ ತಂತಿ ಹನ್ನೊಂದು ಸೆಂಟ್ ಕೆಳಗೆ.
ಚೆಂಗಪ್ಪ ಬಗ್ಗಿ ನೋಡಿದ, ಕೆಮ್ಮು ಬರುವಷ್ಟು ನಕ್ಕ.
ಎಂಬತ್ತಾರರ ಮಳೆ, ಅಂದ,
ಈಗ ಬಂತು ನೋಡು ಮಾರಾಯ.
ತಂತಿ ಬಿಗಿ ಮಾಡುತ್ತಾ ನಾನು
ತಲೆ ಎತ್ತಲಿಲ್ಲ.

ಈ ವರ್ಷ.
ಮಳೆಯ ಲೆಕ್ಕ ಈಗ ಮೊಬೈಲಿಗೇ ಬರುತ್ತದೆ,
ಆದರೂ ಡಬ್ಬಿ ಇಡುತ್ತೇನೆ.
ಪಲ್ಪರ್ ಮನೆಯಲ್ಲಿ ಮೊಯ್ದು, ಲಿಗೋರಿ,
ಹಾಡಲು ಚೆಂಗಪ್ಪನ ಮಗಳು ಚೋಂದಮ್ಮ.
ಗಂಟಲು ಕೊಯ್ಸಿಕೊಂಡವನು ಮೆಟ್ಟಿಲ ಮೇಲೆ, ಮಫ್ಲರ್ ಸುತ್ತಿ.
ಕೇಳುವುದಕ್ಕೆ ಅವನಿಗೀಗ ದನಿಯಿಲ್ಲ.
ನಾನೇ ಡಬ್ಬಿ ಒಯ್ದು ಅವನ ತೊಡೆಯ ಮೇಲಿಟ್ಟೆ.
ಬೆರಳು ಇಳಿಸಿದ, ತಳ ಮುಟ್ಟಿದ,
ಮೇಲೆತ್ತಿ ತೋರಿಸಿದ:
ಒಣ ಧೂಳು, ಸತ್ತ ಒಂದು ಇರುವೆ.
ಒರೆಸಿಕೊಳ್ಳದೆ
ಅದೇ ಬೆರಳನ್ನು ಗಾಳಿಯಲ್ಲಿ ಆಡಿಸಿದ, ಮೊಯ್ದುವಿನ ಕಡೆ,
ಒಂದು, ಎರಡು, ಮೂರು